ಮೂರನೇ ಕೂಗು

"ಲತಾ ಮೇಡಂ, ಮೊದಲು ನೀವು ದೊಡ್ಡವರು ಹೋಗಿ ಒಂದು ರಾತ್ರಿ ಇದ್ದು ಬನ್ನಿ. ಎಲ್ಲ ಸರಿಹೋದರೆ ಹೆಣ್ಮಕ್ಕಳನ್ನ ಕಳಿಸ್ತೀನಿ. ಏನಾದರೂ ಎಡವಟ್ಟಾಯ್ತೋ, ಬೆಟ್ಟದ ಮಾತು ಮತ್ತೆ ಎತ್ತಬೇಡಿ."

ಹೆಡ್ ಮೇಡಂ ಶಬ್ನಮ್ ಇಷ್ಟು ಹೇಳಿ ಕನ್ನಡಕ ಸರಿಮಾಡಿಕೊಂಡರು. ಲತಾಮಣಿ ಕನಕಪುರದ ಆ ಹೈಸ್ಕೂಲಿಗೆ ಪಿ.ಟಿ. ಮೇಡಂ. ಸೋರೆಕಲ್ಲು ಬೆಟ್ಟದ ನೆತ್ತಿಯಲ್ಲಿ ಸೂರ್ಯ ಹುಟ್ಟೋದನ್ನ ತೋರಿಸ್ತೀನಿ ಅಂತ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಆಸೆ ಹುಟ್ಟಿಸಿಬಿಟ್ಟಿದ್ದಳು. ಅವರೋ, ಬೆಟ್ಟ ಹತ್ತೋ ಅಭ್ಯಾಸಕ್ಕೆ ಅಂತ ದಿನಾ ಬೆಳಗ್ಗೆ ಬ್ಯಾಗಿಗೆ ಇಟ್ಟಿಗೆ ತುಂಬಿಕೊಂಡು ಮೈದಾನ ಸುತ್ತುತ್ತಿದ್ದರು. ಈಗ ಇಲ್ಲ ಅಂದರೆ ಅವರಿಗೆ ಮುಖ ತೋರಿಸೋದು ಹೇಗೆ?

ಶನಿವಾರ ಉಯ್ಯಂಬಳ್ಳಿಯ ಅಜ್ಜಿ ಮನೆ ಜಗಲಿಯಲ್ಲಿ ತಯಾರಿ ನಡೆಯಿತು. ತಯಾರಿ ಏನು ಬಂತು, ಸಂತೆ! ಅರಣ್ಯ ಇಲಾಖೆಯ ಪರವಾನಗಿ ಸಿಕ್ಕಿತ್ತು, ದಾರಿ ತೋರಿಸೋಕೆ ವಾಚರ್ ಕೆಂಪಯ್ಯ ಬೆಟ್ಟದ ಬುಡದಲ್ಲಿ ಕಾಯುತ್ತಿದ್ದ. ಆದರೆ ಜೊತೆಗೆ ಹೊರಟ ತಮ್ಮ ಲೋಕೇಶ, ಕಲ್ಲುಕ್ವಾರಿಯಲ್ಲಿ ಕ್ರೇನ್ ಓಡಿಸುವವನು, ಬ್ಯಾಗಿನಿಂದ ಕುಕ್ಕರ್ ತೆಗೆದ.

"ಇದ್ಯಾಕ್ಲಾ?"

"ಎತ್ತರದಾಗೆ ಬೇಳೆ ಬೇಯಕಿಲ್ಲ ಅಂತ ಸೈನ್ಸ್‌ನಾಗೆ ಓದಿದ್ನಲ್ಲಕ್ಕಾ."

"ಇದು ಹಿಮಾಲಯ ಅಲ್ಲ ಕಣ್ಲಾ! ನೀರಿನ ಕ್ಯಾನ್ ಎಲ್ಲಿ?"

"ನೀನ್ ತರ್ತೀನಿ ಅಂದಿದ್ದೆಯಲ್ಲಕ್ಕಾ?"

ಲತಾಮಣಿ ತಲೆ ಚಚ್ಚಿಕೊಂಡಳು. ಕ್ಯಾನ್ ಹುಡುಕುತ್ತ, ಹಗ್ಗ ಸುತ್ತುತ್ತ, ಅವಸರದಲ್ಲೇ ಹೇಳಿದಳು: "ನೋಡು, ನೀನು ದಾರಿ ತಪ್ಪಿದ್ರೆ ನಾನು ಎರಡು ಸಲ ಕೂಗಿ ನಿಲ್ತೀನಿ. ನೀನು ಓ ಅನ್ನಬೇಕು."

ಅದೇ ಹೊತ್ತಿಗೆ ಒಳಗಿಂದ ಹುರಿಹಿಟ್ಟಿನ ಗಂಟು ತಂದ ಅಜ್ಜಿ ಶಿವಲಿಂಗಮ್ಮ ಲೋಕೇಶನ ಕಿವಿಯ ಹತ್ತಿರ ಬಗ್ಗಿದಳು. "ಕಾಡ್ನಾಗೆ ಯಾರಾದ್ರೂ ಹೆಸರಿಡಿದು ಕೂಗುದ್ರೆ ಮೂರು ಕಿತ ಕೂಗೋಗಂಟ ಓ ಅನ್ಬ್ಯಾಡ ಮಗ. ಗಾಳಿ ಗೀಳಿ ಎರಡು ಕಿತ ಕೂಗ್ತವೆ. ಮೂರ್ನೇದು ಕೂಗಾಕೆ ಅವುಕ್ಕಾಗಾಕಿಲ್ಲ."

ಲೋಕೇಶ "ಆಯ್ತು" ಅಂದ. ಅಕ್ಕನಿಗೆ ಅಂದನೋ, ಅಜ್ಜಿಗೆ ಅಂದನೋ, ಯಾರೂ ಕೇಳಲಿಲ್ಲ.

ಹತ್ತುವ ದಾರಿ ಚೆಂದವಿತ್ತು. ಕೆಳಗೆ ಬಿದಿರು ಮೆಳೆ, ಅದನ್ನು ದಾಟಿದರೆ ಕಕ್ಕೆ, ಹೊನ್ನೆ ಮರಗಳು, ಅದರಾಚೆಗೆ ಬರೀ ಬಂಡೆ. ಆನೆ ಲದ್ದಿ ಇನ್ನೂ ಹಸಿಯಾಗಿತ್ತು. ಕೆಂಪಯ್ಯ ಅದನ್ನು ನೋಡಿ ದಾರಿ ಬದಲಿಸಿದ. ನೆತ್ತಿ ಮುಟ್ಟಿದಾಗ ದೂರದಲ್ಲಿ ಕಾವೇರಿ ಬೆಳ್ಳಗೆ ಕಂಡಿತು. ಲೋಕೇಶ ಹೊತ್ತು ತಂದ ಕುಕ್ಕರಿನಲ್ಲೇ ಬೇಳೆ ಬೆಂದಿತು, ಮೂವರೂ ಉಂಡು ಟಾರ್ಪಾಲಿನಡಿ ಮಲಗಿದರು. ಇಲ್ಲಿಗೆ ಮುಗಿದಿದ್ದರೆ ಕತೆಯೇ ಇರುತ್ತಿರಲಿಲ್ಲ ಬಿಡಿ.

ಬೆಳಗ್ಗೆ ಎದ್ದರೆ ಮಂಜು. ಸೂರ್ಯನಿರಲಿ, ಪಕ್ಕದ ಬಂಡೆಯೂ ಕಾಣದು. ಬಂಡೆಯ ಕುಳಿಯಲ್ಲಿ ಮಳೆನೀರು ನಿಲ್ಲುವ ದೊಣೆಯಿಂದ ನೀರು ತರ್ತೀನಿ ಅಂತ ಕ್ಯಾನ್ ಹಿಡಿದು ಹೋದ ಲೋಕೇಶ ವಾಪಸ್ ಬರಲೇ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ.

"ಲೋಕೀ! ಲೋಕೀ!" ಲತಾಮಣಿ ಎರಡು ಸಲ ಕೂಗಿ ನಿಂತಳು.

ಉತ್ತರವಿಲ್ಲ.

ಕೂಗು ಲೋಕೇಶನಿಗೆ ಕೇಳಿತ್ತು! ದೊಣೆಯ ಆಚೆ ದಿಕ್ಕು ತಪ್ಪಿ ನಿಂತಿದ್ದ ಅವನು ಬೆರಳು ಮಡಚಿದ. ಒಂದು. ಎರಡು. ಮೂರನೆಯದು ಎಲ್ಲಿ? ಎದುರು ಬಂಡೆಯೂ "ಲೋಕೀ" ಅಂತ ತಿರುಗಿ ಕೂಗಿತಲ್ಲ, ಅದನ್ನೂ ಎಣಿಸಬೇಕೋ ಬೇಡವೋ? ಎರಡು ಹೆಜ್ಜೆ ಹಿಂದೆ ಸರಿದ.

ಮತ್ತೆ ಎರಡು ಕೂಗು. ಮತ್ತೆ ಮೌನ.

'ಗಾಳೀನೇ!' ಅಂದುಕೊಂಡು ಲೋಕೇಶ ಇನ್ನಷ್ಟು ಹಿಂದೆ ಸರಿದ. ಕಾಲಡಿಯ ಬಂಡೆ ಒದ್ದೆ. ಅದು ಇಳಿಜಾರಾಗಿ ಕೆಳಗಿನ ಮರಗಳ ಮೆಳೆಗೆ ಹೋಗುತ್ತಿತ್ತು. ಮೆಳೆಯೊಳಗೆ ಲಟಕ್ ಅಂತ ಸದ್ದಾಯಿತು.

ಮೇಲೆ ಕೆಂಪಯ್ಯನಿಗೂ ಅದು ಕೇಳಿತು. "ಆನೆ ಬಂದವೆ ಮೇಡಂ. ಜಾಸ್ತಿ ಕೂಗ್ಬ್ಯಾಡಿ. ವೈರ್‌ಲೆಸ್‌ನಾಗೆ ಹೇಳ್ಬುಡ್ತೀನಿ, ಜೀಪು ಬತ್ತದೆ."

ಜೀಪು ಬಂದರೆ ಊರೆಲ್ಲ ಸುದ್ದಿ. ಹೆಡ್ ಮೇಡಂಗೂ ಸುದ್ದಿ. ಇಟ್ಟಿಗೆ ಹೊತ್ತು ಓಡುವ ಹುಡುಗಿಯರು ಲತಾಮಣಿಯ ಕಣ್ಣ ಮುಂದೆ ಬಂದರು.

"ಹೇಳ್ಬಿಡಿ ಕೆಂಪಯ್ಯಣ್ಣ. ನನಗೆ ನನ್ನ ತಮ್ಮ ಬೇಕು," ಅಂದಳು. ಮತ್ತೆರಡು ಸಲ ಕೂಗಿದಳು. ನಿಲ್ಲಬೇಕಿತ್ತು, ನಿಲ್ಲಲಾಗಲಿಲ್ಲ. ಅಳು ಒತ್ತರಿಸಿ ಬಂದು ಇನ್ನೊಂದು ಸಲ ತಾನಾಗಿಯೇ ಬಾಯಿಂದ ಹೊರಬಿತ್ತು: "ಲೋಕೀ..."

"ಓ!"

ಇಲ್ಲೇ, ಕೂಗಳತೆಗಿಂತ ಹತ್ತಿರದಿಂದ! ಲತಾಮಣಿ ಹಗ್ಗ ಎಸೆದಳು. ಕೆಂಪಯ್ಯ ಆನ್ ಮಾಡಲು ಹೊರಟಿದ್ದ ವೈರ್‌ಲೆಸ್ಸನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದ. ಲೋಕೇಶ ತೆವಳಿ, ಜಾರಿ, ಮತ್ತೆ ತೆವಳಿ ಮೇಲೆ ಬಂದ. ಕೈಯಲ್ಲಿ ಕ್ಯಾನ್ ಹಾಗೇ ಇತ್ತು.

"ಕಿವುಡಾಗಿದ್ಯೇನ್ಲಾ?"

"ಮೂರು ಆಗ್ಲಿ ಅಂತ ಕಾಯ್ತಿದ್ದೆ ಕಣಕ್ಕಾ! ನೀನ್ ಯಾಕೆ ಎರಡಕ್ಕೇ ನಿಲ್ಲುಸ್ತಿದ್ದೆ?"

ಅಜ್ಜಿಯ ಮಾತು ಹೊರಬಿದ್ದಾಗ ಲತಾಮಣಿ ಬಯ್ಯೋದೋ ನಗೋದೋ ತಿಳಿಯದೆ ಅವನ ಬೆನ್ನಿಗೆ ಎರಡು ಗುದ್ದಿ ತಬ್ಬಿಕೊಂಡಳು. ಕೆಂಪಯ್ಯ ಮಾತ್ರ ನಗಲಿಲ್ಲ. "ಸರಿಯಾಗೇ ಮಾಡವ್ನೆ. ನಾನಾಗಿದ್ರೂ ಓ ಅನ್ತಿರ್ನಿಲ್ಲ," ಅಂದ.

ಸೋಮವಾರ ಹೆಡ್ ಮೇಡಂ ಮುಂದೆ ಲತಾಮಣಿ ನಡೆದದ್ದೆಲ್ಲ ಹೇಳಿದಳು. ಮುಚ್ಚಿಡೋಕೆ ಮನಸ್ಸು ಬರಲಿಲ್ಲ. ಶಬ್ನಮ್ ಎದ್ದು ಅವಳನ್ನೂ ಕರಕೊಂಡು ಮೈದಾನಕ್ಕೆ ಹೋದರು. ಇಟ್ಟಿಗೆ ಬ್ಯಾಗಿನ ಹುಡುಗಿಯರು ಸಾಲಾಗಿ ನಿಂತರು.

"ಕಾಡಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ, ಮೊದಲನೇ ಕೂಗಿಗೇ ಓ ಅನ್ನೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ.

"ಅಜ್ಜಿ ಬಯ್ತಾರೆ ಮಿಸ್," ಅಂದಳು ಸಾಲಿನ ತುದಿಯಲ್ಲಿದ್ದ ನಯನಾ.

ಲತಾಮಣಿ ಸಾಲಿನಲ್ಲಿದ್ದವರನ್ನು ಎಣಿಸಿದಳು. ಇವರೆಲ್ಲ ಆ ಮಂಜಿನಲ್ಲಿ, ಆ ಜಾರುಬಂಡೆಯ ಮೇಲೆ, ಬಾಯಿ ಮುಚ್ಚಿಕೊಂಡು ನಿಂತಿದ್ದರೆ? ಅವಳು ಹೆಡ್ ಮೇಡಂ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀರಿ? ನಮ್ಮ ನಾನಿ, ಅಮ್ಮನ ಅಮ್ಮ, ಅವರೂ ಅದನ್ನೇ ಹೇಳಿಕೊಟ್ಟಿದ್ದು," ಅಂದರು ಶಬ್ನಮ್. "ಕರಕೊಂಡು ಹೋಗಿ. ಮೂರು ಸಲ ಕೂಗಿ."