ಬಿಟ್ಟುಕೊಟ್ಟ ಸೀಟು

“ಮ್ಯಾಥ್ಸ್ ಇಲ್ದೆ ಎಂ.ಎಸ್ಸಿ. ಕೆಮಿಸ್ಟ್ರಿಗೆ ಅಪ್ಲಿಕೇಶನ್ ತಗೊಳ್ಳಲ್ಲಮ್ಮ. ಪಕ್ಕಕ್ಕೆ ಬನ್ನಿ.”

ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆ ಅಣ್ಣಮ್ಮ ಅಷ್ಟು ಹೇಳಿ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಶ್ವೇತ ಅದನ್ನು ಎತ್ತಿಕೊಳ್ಳದೆ ನಿಂತಳು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದಿದವಳು ಅವಳು. ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಹೆಚ್ಚು ಅಂಕ ತೆಗೆದು, ಈಗ ಗಣಿತದ ಹೆಸರಲ್ಲಿ ಬಾಗಿಲು ಹಾಕಿಸಿಕೊಳ್ಳುವುದೆಂದರೆ...

ಅಳಬಾರದು ಎಂದುಕೊಂಡಳು. ಹಿಂದೆ ಉದ್ದನೆಯ ಸಾಲಿತ್ತು.

ಆಗ ಅವಳ ಭುಜದ ಪಕ್ಕದಿಂದ ಒಂದು ಕೈ ಬಂದು, ಅರ್ಜಿಯನ್ನು ಮತ್ತೆ ಕಿಟಕಿಯೊಳಕ್ಕೆ ಸರಿಸಿತು.

“ಮೇಡಂ, ಡಿಗ್ರಿಯಲ್ಲಿ ಇಲ್ದಿದ್ರೂ ಪಿಯುಸಿಯಲ್ಲಿ ಮ್ಯಾಥ್ಸ್ ಇದ್ರೆ ಸಾಕು ಅಂತ ನಿಮ್ಮ ಪ್ರಾಸ್ಪೆಕ್ಟಸ್‌ನಲ್ಲೇ ಐತಲ್ರೀ.” ಆಮೇಲೆ ಹಿಂದೆ ನಿಂತಿದ್ದ ಆ ಹುಡುಗ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಇತ್ತು ತಾನೆ?”

“ಇತ್ತು,” ಎಂದಳು ಶ್ವೇತ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅಣ್ಣಮ್ಮ ಕನ್ನಡಕ ಏರಿಸಿ ನಿಯಮ ಓದಿದರು, ಏನೋ ಗೊಣಗಿದರು, ಕೊನೆಗೆ ಸೀಲು ಒತ್ತಿದರು. ಇಂಥ ಹೊತ್ತಿನಲ್ಲಿ ಹುಡುಗಿಯರು ನಾಚಿಕೊಂಡು ಥ್ಯಾಂಕ್ಸ್ ಹೇಳುವುದು ವಾಡಿಕೆ. ನಮ್ಮ ಶ್ವೇತ ಮಾತ್ರ ಹೊರಗೆ ಬಂದವಳೇ ಅವನನ್ನು ತರಾಟೆಗೆ ತೆಗೆದುಕೊಂಡಳು. ನನ್ನ ಮಾತು ನಾನೇ ಆಡಬಲ್ಲೆ, ನಡುವೆ ಬಾಯಿ ಹಾಕಲು ನೀವ್ಯಾರು ಎಂದು ಕೇಳಿದಳು. ಅವನು ನಕ್ಕು, ನೀವು ಆಡುವ ಹೊತ್ತಿಗೆ ಕಿಟಕಿ ಮುಚ್ಚಿರುತ್ತಿತ್ತು ಎಂದ.

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಬಸ್ಸು ಹತ್ತಿ ಕೂತ ಮೇಲೆ ಆ ನಗು ನೆನಪಾಗಿ ತಾನೂ ನಕ್ಕಳು.

ಅದು ಎರಡು ಸಾವಿರದ ಒಂದನೇ ಇಸವಿ. ಕಂಟೋನ್ಮೆಂಟಿನ ಆ ಹಳೆಯ ಕಾಲೇಜಿನಲ್ಲಿ ಎಂ.ಎಸ್ಸಿ. ಸೀಟುಗಳು ಬೆರಳೆಣಿಕೆಯಷ್ಟು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಕೌನ್ಸೆಲಿಂಗ್.

ಶ್ವೇತಳಿಗೆ ಅದು ಬರೀ ಸೀಟಾಗಿರಲಿಲ್ಲ. ಅವಳ ಅಪ್ಪ ಮುನಿಆಂಜನಪ್ಪನವರು ಕೆ.ಆರ್. ಪುರದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು, ಈಗ ಅದೇ ನೆಲದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಕೆಟ್ಟ ಮನುಷ್ಯರಲ್ಲ. ಸೀಟು ಸಿಕ್ಕಿದರೆ ಎರಡು ವರ್ಷ ಮದುವೆಯ ಮಾತೆತ್ತುವುದಿಲ್ಲ, ಸಿಗದಿದ್ದರೆ ಹೊಸಕೋಟೆಯ ಹುಡುಗನಿಗೆ ಒಪ್ಪಬೇಕು ಎಂದು ಮಗಳಿಗೆ ಮಾತು ಕೊಟ್ಟು, ಮಾತು ತೆಗೆದುಕೊಂಡಿದ್ದರು.

ಪರೀಕ್ಷೆಗೆ ಓದಲು ಅವಳು ಹಲಸೂರಿನ ಗ್ರಂಥಾಲಯಕ್ಕೆ ಹೋದಳು. ನೋಡಿದರೆ, ಎದುರು ಮೇಜಿನಲ್ಲಿ ಅವನೇ!

ಹೆಸರು ರವಿಕಿರಣ. ದಾವಣಗೆರೆಯ ಕಡೆಯವನು. ಹೊಸ ತಿಪ್ಪಸಂದ್ರದಲ್ಲಿ ಅಕ್ಕನ ಮನೆಯಲ್ಲಿದ್ದು ಅದೇ ಪರೀಕ್ಷೆಗೆ ಓದುತ್ತಿದ್ದ. ನಿಯಮಗಳ ಹುಚ್ಚು ಅವನಿಗೆ. ಯಾರಿಗೆ ಎಷ್ಟು ಶೇಕಡಾ ಬೇಕು, ಯಾವ ವಿಷಯ ಮೂರು ವರ್ಷ ಓದಿರಬೇಕು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಅವನಿಗೆ ಗಣಿತ ನೀರು ಕುಡಿದಷ್ಟು ಸಲೀಸು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಇವಳ ಮುಂದೆ ಅವನು ಮಗು. ಅವನು ಕ್ವಾಂಟಮ್ ಲೆಕ್ಕ ಬಿಡಿಸಿಕೊಟ್ಟರೆ, ಅವಳು ರಾಸಾಯನಿಕ ಕ್ರಿಯೆಗಳ ಹೆಜ್ಜೆ ಹೇಳಿಕೊಡುತ್ತಿದ್ದಳು. ಇಬ್ಬರೂ ಸಾಲ ಉಳಿಸಿಕೊಳ್ಳದ ಸ್ವಭಾವದವರು.

ಒಂದು ದಿನ ಟೀ ಕುಡಿಯುತ್ತಾ ಹೊಸಕೋಟೆಯ ವಿಷಯ ಹೇಳಿದಳು. ಅವನು ಲೋಟ ಕೆಳಗಿಟ್ಟು ಸುಮ್ಮನಾದ. ಆಮೇಲೆ ಓದಿನ ಮಾತು ಬಿಟ್ಟು ಬೇರೆ ಆಡಲಿಲ್ಲ.

‘ಯಾಕೆ ಸುಮ್ಮನಾದ? ಬೇಸರವಾಯಿತಾ?’ ಅವಳ ಮನಸ್ಸು ಕೇಳುತ್ತಲೇ ಇತ್ತು... ಅವನಿಗೆ ಬೇಸರವಾಗಲಿ ಎಂದು ಆಸೆಪಡುತ್ತಲೂ ಇತ್ತು.

ಕೌನ್ಸೆಲಿಂಗ್ ದಿನ ಬಂತು. ರವಿಕಿರಣನ ರ್‍ಯಾಂಕ್ ಮುಂದೆ, ಅದರ ಬೆನ್ನಿಗೇ ಅವಳದು. ಸೀಟುಗಳು ಒಂದೊಂದಾಗಿ ಕರಗಿ ಕೊನೆಗೆ ಒಂದೇ ಉಳಿಯಿತು. ಆಗ ಅವನ ಹೆಸರು ಕರೆದರು.

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದವನು ಅವಳ ಮುಖ ನೋಡದೆ ಮೆಟ್ಟಿಲಿಳಿದು ಹೋಗಿಬಿಟ್ಟ. ಮರುಗಳಿಗೆಯೇ ಅವಳ ಹೆಸರು ಕೇಳಿಸಿತು. ಸೀಟು ಅವಳ ಪಾಲಾಯಿತು.

ಶಿವಾಜಿನಗರದ ಗೆಳತಿ ಜಹನಾರಾ ಜೊತೆಗೆ ಬಂದಿದ್ದಳು. ಅವಳೇ ಮೊದಲು ಬಾಯಿಬಿಟ್ಟಿದ್ದು.

“ನಿಂಗೋಸ್ಕರ ಬಿಟ್ಬಿಟ್ಟ ಕಣೇ. ನಿನ್ ಮದ್ವೆ ವಿಷ್ಯ ಗೊತ್ತಿತ್ತಲ್ಲ ಅವ್ನಿಗೆ. ಇಂಥ ಹುಡ್ಗ ಎಲ್ ಸಿಗ್ತಾನೆ ಹೇಳು?”

ಜಹನಾರಾ ಕಣ್ಣೊರೆಸಿಕೊಂಡಳು. ಶ್ವೇತಳಿಗೆ ಮಾತ್ರ ಬಾಯಿಗೆ ಬಂದ ತುತ್ತು ಕಹಿಯಾಯಿತು. ಹಾಗಾದರೆ ಇದು ತಾನು ಗೆದ್ದಿದ್ದಲ್ಲ? ಯಾರೋ ಪಾಪ ಎಂದು ಕೊಟ್ಟಿದ್ದೇ?

ಮನೆಯಲ್ಲಿ ಅಪ್ಪ ಬೀದಿಗೆಲ್ಲ ಸಿಹಿ ಹಂಚಿದರು. ಅವಳು ಒಂದು ಚೂರೂ ಬಾಯಿಗಿಡಲಿಲ್ಲ.

ಮಾರನೆಯ ವಾರ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರಾದ. ಅಭಿನಂದನೆ ಹೇಳಲು ಬಾಯಿ ತೆರೆದನೋ ಇಲ್ಲವೋ, ಅವಳು ತಡೆದಳು. ನಿಮ್ಮ ದಾನ ನಾನು ಕೇಳಿರಲಿಲ್ಲ, ನನ್ನನ್ನು ಜೀವಮಾನವಿಡೀ ಋಣದಲ್ಲಿ ಇಡುವಷ್ಟು ದೊಡ್ಡ ಮನುಷ್ಯರಾಗಲು ನಿಮಗೆ ಹಕ್ಕು ಕೊಟ್ಟವರ್‍ಯಾರು ಎಂದಳು. ಅವನ ಮುಖ ಕೆಂಪಾಯಿತು. ಏನೋ ಹೇಳಲು ಹೊರಟು, ನುಂಗಿಕೊಂಡು, ತಲೆ ತಗ್ಗಿಸಿ ನಿಂತ.

ಆ ಮೌನವೇ ಒಪ್ಪಿಗೆ ಎಂದುಕೊಂಡಳು ಹುಚ್ಚು ಹುಡುಗಿ.

ತರಗತಿಗಳು ಶುರುವಾದವು. ಲ್ಯಾಬಿನ ವಾಸನೆಗೇ ಹಿಗ್ಗುತ್ತಿದ್ದವಳಿಗೆ ಈಗ ಬ್ಯೂರೆಟ್ ಹಿಡಿದರೂ ಅವನ ಜಾಗದಲ್ಲಿ ನಿಂತಿದ್ದೇನೆ ಅನ್ನಿಸುತ್ತಿತ್ತು. ಕೋಪದ ಕೆಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಅವನನ್ನು ಪ್ರೀತಿಸುತ್ತಿದ್ದಳು, ಅಷ್ಟೇ. ಪ್ರೀತಿಸಿದವನ ಬದುಕನ್ನು ಕಿತ್ತುಕೊಂಡು ಓದುವುದು ಅವಳಿಂದಾಗಲಿಲ್ಲ.

ಸೀಟು ಬಿಡುವವರು ಬಿಡಲು ಕೊನೆಯ ದಿನ ನಿಗದಿಯಾಗಿತ್ತು. ಅಂದು ಬಿಟ್ಟರೆ ರ್‍ಯಾಂಕಿನಲ್ಲಿ ಮುಂದಿರುವ ಅವನಿಗೇ ಸಿಗುತ್ತದೆ ಎಂಬುದು ಅವಳ ಲೆಕ್ಕ. ಹೊಸಕೋಟೆ ಹಣೆಯಲ್ಲಿದ್ದರೆ ಹೊಸಕೋಟೆ. ಹಿಂದಿನ ಸಂಜೆ ಜಹನಾರಾಗೆ ಹೇಳಿದಳು. ಜಹನಾರಾ ಬೈದಳು, ಗೋಗರೆದಳು, ಕೊನೆಗೆ ಎಸ್‌ಟಿಡಿ ಬೂತಿಗೆ ಓಡಿ ತಿಪ್ಪಸಂದ್ರದ ಅವನ ಅಕ್ಕನ ಮನೆಗೆ ಫೋನ್ ಹಚ್ಚಿದಳು.

ಬೆಳಿಗ್ಗೆ ಶ್ವೇತ ಆಫೀಸಿನ ಬಾಗಿಲ ಬಳಿ ಬಂದಾಗ ರವಿಕಿರಣ ಅಡ್ಡ ನಿಂತಿದ್ದ. ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದ.

“ಒಳಗೆ ಹೋಗ್ಬೇಡಿ. ನೀವು ಬಿಟ್ರೂ ಆ ಸೀಟು ನನಗೆ ಬರಲ್ಲ.”

“ಯಾಕೆ ಬರಲ್ಲ?”

ಅವನು ಗೋಡೆಯ ಕಡೆ ನೋಡಿದ.

“ನಾನು ಬಿಟ್ಟಿದ್ದಲ್ರೀ ಅದು. ಅವರೇ ಕೊಡಲಿಲ್ಲ. ಡಿಗ್ರಿಯಲ್ಲಿ ಭಾರತ ಸಂವಿಧಾನ ಅಂತ ಒಂದು ಪೇಪರ್ ಇತ್ತಲ್ಲ... ಅದರಲ್ಲಿ ಫೇಲು ನಾನು.”

ಶ್ವೇತ ಕಣ್ಣು ಬಿಟ್ಟುಕೊಂಡು ನಿಂತಳು. ಆ ಪೇಪರಿನ ಅಂಕ ಫಸ್ಟ್ ಕ್ಲಾಸಿನ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಪಾಸಾಗದೆ ಪದವಿ ಸಿಗದು. ಸೈನ್ಸ್ ಹುಡುಗರು ಅದರ ಪುಸ್ತಕವನ್ನೂ ಕೊಳ್ಳುವುದಿಲ್ಲ. ಇವನೂ ಹಾಗೇ ಫೇಲಾಗಿ, ಆಮೇಲೆ ಬರೆದರಾಯಿತು ಎಂದು ಮರೆತೇಬಿಟ್ಟಿದ್ದ. ಪದವಿ ಪಾಸಾಗಿರಬೇಕು ಎಂಬ ಮೊದಲ ನಿಯಮ ತನಗಲ್ಲ, ಉಳಿದವರಿಗೆ ಎಂದುಕೊಂಡಿದ್ದನೇನೋ. ಅಂಕಪಟ್ಟಿಗಳನ್ನೆಲ್ಲ ಮೇಜಿನ ಮೇಲಿಟ್ಟಾಗ ಗುಟ್ಟು ರಟ್ಟಾಯಿತು. ಊರಿಗೆಲ್ಲ ಬುದ್ಧಿ ಹೇಳಿದವನ ಕಥೆ!

“ಮತ್ತೆ ಬಸ್‌ಸ್ಟ್ಯಾಂಡಲ್ಲಿ ಅಷ್ಟು ಬೈದ್ನಲ್ಲ, ಆಗ್ಲೇ ಯಾಕೆ ಹೇಳ್ಲಿಲ್ಲ?”

“ದೊಡ್ಡ ಮನುಷ್ಯ ಅಂತ ಬೈದ್ರಿ. ಫೇಲಾದವನು ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು. ನೀವು ಹಾಗೇ ಅಂದ್ಕೊಂಡಿರಲಿ ಅಂತ ಆಸೆನೂ ಆಯ್ತು. ತಪ್ಪು ನಂದು.”

ಅವಳು ಅವನನ್ನೇ ನೋಡಿದಳು. ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿತ್ತು.

“ನಿಜ ಹೇಳಿ. ಪಾಸಾಗಿದ್ದಿದ್ರೆ ನನಗೋಸ್ಕರ ಬಿಡ್ತಿದ್ರಾ?”

ರವಿಕಿರಣ ಅವಳ ಕಡೆ ತಿರುಗಿದ. ಹೂಂ ಎಂದಿದ್ದರೆ ಅವಳು ನಂಬುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

“ಇಲ್ಲ ಶ್ವೇತ. ನಿಮ್ಮನ್ನ ಜೀವಕ್ಕಿಂತ ಹೆಚ್ಚು ಇಷ್ಟಪಡ್ತೀನಿ... ಆದ್ರೂ ಬಿಡ್ತಿರಲಿಲ್ಲ. ನಾನೂ ಅಷ್ಟೇ ಕಷ್ಟಪಟ್ಟು ಓದಿದ್ದೆ. ಬೇರೆ ದಾರಿ ಹುಡುಕ್ತಿದ್ದೆ, ನಿಮ್ಮಪ್ಪನ ಹತ್ರ ಬಂದು ಮಾತಾಡ್ತಿದ್ದೆ. ಸೀಟು ಮಾತ್ರ ಬಿಡ್ತಿರಲಿಲ್ಲ.”

ಶ್ವೇತಳ ಕಣ್ಣು ತುಂಬಿ ಬಂತು. ಇದು ದುಃಖದ ನೀರಲ್ಲ. ಇಷ್ಟು ದಿನ ಹೊತ್ತು ತಿರುಗಿದ ಭಾರ ಇಳಿದು ಉಸಿರಾಡುವಂತಾಯಿತು. ಸೀಟು ತನ್ನದೇ. ಎದುರಿಗಿರುವವನು ದೇವರೂ ಅಲ್ಲ, ತ್ಯಾಗಿಯೂ ಅಲ್ಲ. ತನ್ನ ಸರಿಸಮಕ್ಕೆ ನಿಂತು ಮಾತಾಡುವ ಗಂಡಸು. ಅವಳಿಗೆ ಬೇಕಾಗಿದ್ದೂ ಅಂಥವನೇ.

ಅವಳು ಆಫೀಸಿನ ಬಾಗಿಲಿಗೆ ಬೆನ್ನು ಹಾಕಿದಳು. ಇಬ್ಬರೂ ಕಾರಿಡಾರಿನಲ್ಲಿ ನಿಧಾನವಾಗಿ ನಡೆದರು. ಮೊದಲು ಮಾತಾಡಿದವಳು ಅವಳೇ.

“ಅಪ್ಪ ಎರಡು ವರ್ಷ ಮದುವೆ ಮಾತೆತ್ತಲ್ಲ. ಅಷ್ಟರಲ್ಲಿ ಒಂದು ಪೇಪರ್ ಪಾಸಾಗೋಕೆ ಆಗುತ್ತಾ ನಿಮಗೆ?”

“ಅಕ್ಟೋಬರ್‌ನಲ್ಲೇ ಬರೀತೀನಿ. ಮುಂದಿನ ವರ್ಷ ಇದೇ ಕಾಲೇಜಿಗೆ, ನಿಮ್ಮ ಜೂನಿಯರ್ ಆಗಿ. ಆಮೇಲೆ?”

“ಆಮೇಲೆ ನಮ್ಮನೆಗೆ ಬನ್ನಿ. ನನ್ನನ್ನ ಕೇಳೋಕೆ.”

ಅವನ ಹೆಜ್ಜೆ ನಿಂತಿತು.

“ನಿಮ್ಮಪ್ಪ ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಬಿಟ್ಕೊಟ್ಟು ಹೋಗ್ತೀರಾ?”

“ಇಲ್ಲ,” ಎಂದ ರವಿಕಿರಣ.