ಎರಡನೇ ಸಲ ಕೇಳದ ಪ್ರಶ್ನೆ

"ಮಲ್ಲಿಕಾರ್ಜುನ್ ಮೇಷ್ಟ್ರು ಭಾನುವಾರ ಕುಣಿಗಲ್‌ಗೆ ಹೆಣ್ಣು ನೋಡಕ್ಕೆ ಹೋಗ್ತಾವ್ರಂತೆ ಮೇಡಂ," ಎಂದರು ಕಲ್ಲಮ್ಮ, ಹುಣಸೆಬೀಜಗಳನ್ನು ತಟ್ಟೆಗೆ ಸುರಿಯುತ್ತ. "ನಾವೆಲ್ಲ ಅಂದ್ಕೊಂಡಿದ್ದೇ ಬೇರೆ, ಬುಡಿ."

ಏನು ಅಂದುಕೊಂಡಿದ್ದಿರಿ ಎಂದು ಅಪರ್ಣ ಕೇಳಲಿಲ್ಲ. ಕೇಳಿದ್ದರೆ ಹಾಗಲವಾಡಿಯ ಈ ಅಂಗನವಾಡಿ ಕಾರ್ಯಕರ್ತೆ ಹೇಳಿಯೇಬಿಡುತ್ತಿದ್ದರು.

ಗುಬ್ಬಿಯ ಆ ಹಾಲ್‌ನಲ್ಲಿ ಅವತ್ತು ತರಬೇತಿಯ ಕೊನೆಯ ದಿನ. ಪುಟ್ಟ ಮಕ್ಕಳಿಗೆ ಲೆಕ್ಕ ಕಲಿಸುವವರಿಗೆ ಕಲಿಸುವುದು ಅಪರ್ಣಳ ಕೆಲಸ. ಕೆಲಸ ಅಂದರೆ ಕಡಿಮೆಯಾಯಿತು, ಹುಚ್ಚು. ಇಪ್ಪತ್ತರವರೆಗೆ ಗಡಗಡ ಒಪ್ಪಿಸುವ ಮಗು, ಐದು ಬೀಜ ಕೊಡು ಅಂದರೆ ಹಿಡಿತುಂಬ ಕೊಡುತ್ತದಲ್ಲ, ಆ ಹಿಡಿಯಿಂದ ಐದಕ್ಕೆ ಬರುವ ದಾರಿಯನ್ನು ನೋಡುತ್ತ ಅವಳು ಊಟ ಮರೆಯುತ್ತಿದ್ದಳು. ಬಟವಾಡಿಯ ಮನೆಯಲ್ಲಿ ತಾಯಿ ಕೌಸಲ್ಯಮ್ಮನಿಗೆ ಇದೇ ಚಿಂತೆ.

ಅವಳು ನೆಲದ ಮೇಲೆ ಕೂತು ಎರಡು ಸಾಲು ಬೀಜ ಜೋಡಿಸಿದಳು. ಎರಡರಲ್ಲೂ ಒಂದೇ ಲೆಕ್ಕದ ಬೀಜ, ಆದರೆ ಒಂದು ಸಾಲನ್ನು ಅಗಲವಾಗಿ ಹರಡಿದಳು. "ಯಾವ ಸಾಲಲ್ಲಿ ಜಾಸ್ತಿ ಇದೆ, ಪುಟ್ಟಿ?"

ಪಾಠ ತೋರಿಸಲೆಂದು ಪಕ್ಕದ ಅಂಗನವಾಡಿಯಿಂದ ಕರೆತಂದು ಎದುರು ಕೂರಿಸಿದ್ದ ರಂಜನಿ ಎಂಬ ಪುಟಾಣಿ ಬಹಳ ಹೊತ್ತು ನೋಡಿತು. "ಎರಡೂ ಒಂದೇ."

"ಸರಿಯಾಗ್ ನೋಡಿ ಹೇಳಮ್ಮ, ಯಾವುದ್ರಲ್ಲಿ ಜಾಸ್ತಿ?" ಹಿಂದಿನಿಂದ ಒಬ್ಬ ಟೀಚರ್ ತಡೆಯಲಾರದೆ ಕೇಳಿಬಿಟ್ಟರು. ಮಗುವಿನ ಮುಖ ಸಣ್ಣದಾಯಿತು. ಬೆರಳು ಉದ್ದ ಸಾಲಿನ ಕಡೆ ಹೋಯಿತು.

"ಸರಿಯಾಗೇ ಹೇಳಿದ್ಲಲ್ಲ," ಎಂದಳು ಅಪರ್ಣ ಮೆಲ್ಲಗೆ. ಪ್ರತಿ ತರಬೇತಿಯಲ್ಲೂ ಹೇಳುವುದನ್ನೇ ಇಲ್ಲೂ ಹೇಳಿದಳು. "ಅದನ್ನೇ ಮತ್ತೆ ಕೇಳಿದ್ರೆ ಮೊದಲನೇ ಉತ್ತರ ತಪ್ಪು ಅಂದ್ಕೊಳ್ಳುತ್ತೆ ಮಗು. ನಮ್ಮನ್ನ ಮೆಚ್ಚಿಸೋಕೆ ಬದಲಾಯಿಸುತ್ತೆ. ಒಂದ್ಸಲ ಕೇಳಿ. ಆಮೇಲೆ ಬಾಯಿ ಮುಚ್ಕೊಂಡು ಕಾಯಿರಿ."

ಎಲ್ಲರೂ ನಕ್ಕರು. ಗೋಡೆ ಪಕ್ಕ ಕೂತಿದ್ದ ಮಲ್ಲಿಕಾರ್ಜುನ್ ಮಾತ್ರ ನಗಲಿಲ್ಲ. ಅವಳನ್ನೇ ನೋಡಿ, ಅವಳು ನೋಡುತ್ತಲೇ ತಲೆ ತಗ್ಗಿಸಿದ.

ಅವನೂ ಒಂದು ಸಲ ಕೇಳಿದ್ದ. ಕಳೆದ ವರ್ಷ, ಗೂಳೂರಿನ ಶಾಲೆ ನೋಡಿಕೊಂಡು ಇಬ್ಬರೂ ಬಸ್ಸಿಗೆ ನಿಂತಿದ್ದಾಗ. "ನಮ್ಮನೆಗೆ ಬರ್ತೀರಾ ಮೇಡಂ? ನೋಡ್ಕೊಂಡು ಹೋಗೋಕಲ್ಲ, ಇರೋಕೆ." ಅಪ್ಪ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಅವಳು ಬಸ್ ಬರುವ ದಾರಿಯ ಕಡೆ ತಿರುಗಿಕೊಂಡಳು. ಬಸ್ ಬಂತು, ಹತ್ತಿದಳು. ಮತ್ತೆ ಕೇಳಿಯಾನು ಎಂದು ಕಾದಳು. ಅವನು ಕೇಳಲೇ ಇಲ್ಲ. ಪಾಪ ಅನ್ನಿಸಿ ಕೇಳಿದ್ದಿರಬೇಕು, ಈಗ ಮನಸ್ಸು ತಿರುಗಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಹಾಲ್ ಖಾಲಿಯಾಯಿತು. ಅವನು ಚಾಪೆ ಸುತ್ತುತ್ತಿದ್ದ.

"ಕುಣಿಗಲ್ ಹುಡುಗಿ ಏನ್ ಮಾಡ್ತಾರೆ ಮೇಷ್ಟ್ರೇ?"

"ಗೊತ್ತಿಲ್ಲ. ಫೋಟೋನೂ ನೋಡ್ಲಿಲ್ಲ. ಅಪ್ಪನ ಬಲವಂತಕ್ಕೆ ಹೂಂ ಅಂದೆ."

"ಒಂದ್ಸಲ ಕೇಳಿ ಸುಮ್ನಾಗೋ ಜನ, ಹೂಂ ಅನ್ನೋಕೆ ಮಾತ್ರ ಬೇಗ."

ಅವನ ಕೈ ಚಾಪೆಯ ಮೇಲೇ ನಿಂತಿತು. "ಎರಡನೇ ಸಲ ಕೇಳ್ಬೇಡಿ ಅಂತ ನೀವೇ ತಾನೇ ಹೇಳಿಕೊಟ್ಟಿದ್ದು? ಕೇಳಿದ್ರೆ ನನ್ನ ಮೆಚ್ಚಿಸೋಕೆ ಏನಾದ್ರೂ ಹೇಳ್ಬಿಡ್ತೀರಿ ಅಂತ ಭಯ ಆಯ್ತು."

"ಅದು ಮಕ್ಕಳಿಗೆ ಕಣ್ರೀ."

"ಮೇಡಂಗಳಿಗೆ ಬೇರೆ ರೂಲ್ಸ್ ಅಂತ ಯಾವ ಟ್ರೈನಿಂಗ್‌ನಲ್ಲೂ ಹೇಳ್ಲಿಲ್ಲವಲ್ಲ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣು ತುಂಬಿತು. ಒಂದಿಡೀ ವರ್ಷ ಇವನು ಅವಳ ಪಾಠವನ್ನೇ ಅವಳ ವಿಷಯದಲ್ಲೂ ಪಾಲಿಸಿದ್ದ.

"ನಮ್ಮಮ್ಮನ್ನ ಬಿಟ್ಟು ನಾನು ಎಲ್ಲೂ ಇರಲ್ಲ."

"ಬಿಟ್ಟು ಬನ್ನಿ ಅಂದ್ನಾ?"

"ನಿಮ್ಮ ತಂದೆ ಮಠದ ಭಕ್ತರು. ಬೇರೆ ಜಾತಿಯವಳನ್ನ ಒಪ್ತಾರಾ?"

"ಮೊದಮೊದ್ಲು ಒಪ್ಪಲ್ಲ. ನಿಮ್ಮಮ್ಮ?"

"ಅವ್ರೂ ಅಷ್ಟೇ." ಅವಳು ಸೆರಗಿನ ಅಂಚು ಹಿಡಿದಳು. ಅವನು ತುಟಿ ಬಿಗಿಹಿಡಿದು ಕಾದ. ಆ ಕಾಯುವಿಕೆಯನ್ನು ಅವಳು ಈಗ ಗುರುತಿಸಿದಳು.

"ಇರ್ತೀನಿ," ಎಂದಳು. "ನೀವಿದ್ದ ಕಡೆ. ಯಾರನ್ನೂ ಮೆಚ್ಚಿಸೋಕಲ್ಲ."

ಅವನು ಕಣ್ಣು ಮುಚ್ಚಿ ತೆರೆದ.

"ಕುಣಿಗಲ್‌ನವ್ರಿಗೆ ಈಗ್ಲೇ ತಿಳಿಸ್ಬೇಕು ಮಲ್ಲಿಕಾರ್ಜುನ್," ಎಂದಳು, ಮೊದಲ ಸಲ ಹೆಸರು ಹಿಡಿದು. "ಆ ಹುಡುಗಿ ಭಾನುವಾರ ರೆಡಿಯಾಗಿ ಸುಮ್ನೆ ಕಾಯ್ಬಾರ್ದು."

"ಮೊದ್ಲು ಅಪ್ಪಂಗೆ ಹೇಳ್ಬೇಕು. ನೀವು ಬಸ್ಸಿಗೆ ಹೊರಡಿ. ಅವ್ರು ಬೈಯೋದು ನಿಮ್ ಕಿವಿಗೆ ಬೀಳೋದು ಬೇಡ."

ಅವನು ಫೋನ್ ತೆಗೆದು ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಎರಡು ಮಾತು ಆಡುವಷ್ಟರಲ್ಲಿ ಅವನ ಅಪ್ಪ ಸದಾಶಿವಯ್ಯನವರ ದನಿ ಏರಿ ಹಾಲ್‌ಗೆಲ್ಲ ಕೇಳತೊಡಗಿತು. ಬಾಗಿಲ ಬಳಿ ನಿಂತಿದ್ದ ಅಪರ್ಣ ಬ್ಯಾಗನ್ನು ಕೆಳಗಿಟ್ಟಳು. ಇನ್ನೊಂದು ಕುರ್ಚಿಯನ್ನು ಎಳೆದು ತಂದು, ಅವನ ಪಕ್ಕದಲ್ಲಿ ಹಾಕಿ ಕೂತಳು.