ಹೆಪ್ಪುಗಟ್ಟಿದ ಬಿತ್ತನೆ

೧೯೬೪ರ ಮೇ ೧೮, ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಚಿಕ್ಕಬೈರಪ್ಪನವರು ಯಶವಂತಪುರದ ಠಾಣೆಗೆ ಬಂದು, ಇನ್ಸ್‌ಪೆಕ್ಟರ್ ಉಪೇಂದ್ರರ ಮೇಜಿನ ಮೇಲೆ ಒಂದು ಆಲೂಗಡ್ಡೆ ಇಟ್ಟರು. ಕಲ್ಲಿನಂತಿದ್ದ ಅದು ದೂರು ಬರೆದು ಮುಗಿಸುವಷ್ಟರಲ್ಲಿ ಮೆತ್ತಗಾಗಿ ನೀರು ಬಿಟ್ಟಿತು.

ಚಿಕ್ಕಬೈರಪ್ಪನವರ ಶೈತ್ಯಾಗಾರದಲ್ಲಿ ಕೋಗಿಲು, ತಣಿಸಂದ್ರದ ರೈತರು ಇಟ್ಟಿದ್ದ ಮುನ್ನೂರು ಮೂಟೆ ಬಿತ್ತನೆ ಆಲೂಗಡ್ಡೆ ಹೆಪ್ಪುಗಟ್ಟಿ ಹಾಳಾಗಿತ್ತು. ಬಿತ್ತನೆಗೆ ಉಳಿದಿದ್ದುದು ಎರಡೇ ವಾರ. ಅನುಮಾನ ಯಾರ ಮೇಲೆ ಎಂದು ಕೇಳಿದ್ದಕ್ಕೆ ಅವರು ತಡಮಾಡದೆ ವಹಾಬನ ಹೆಸರು ಹೇಳಿದರು. ವಹಾಬ್ ಹದಿನಾಲ್ಕು ವರ್ಷ ಅಲ್ಲಿಯ ಶೀತಲ ಯಂತ್ರವನ್ನು ಕೈಯಲ್ಲೇ ನಡೆಸಿದವನು. ಚಳಿ ಸಾಕಾದಾಗ ಯಂತ್ರವನ್ನು ತಾನೇ ನಿಲ್ಲಿಸುವ ಹೊಸ ಕಂಟ್ರೋಲ್ ಬೋರ್ಡ್ ಬಂದ ಮೇಲೆ, ಹಿಂದಿನ ತಿಂಗಳಷ್ಟೇ ಅವನನ್ನು ಕೆಲಸದಿಂದ ಬಿಡಿಸಿದ್ದರು.

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಹೆಡ್ ಕಾನ್‌ಸ್ಟೆಬಲ್ ಆಂಜಿನಪ್ಪ ವಹಾಬನನ್ನು ಕರೆತಂದ. ನಾಲ್ಕು ದಿನ ತುಮಕೂರಿನಲ್ಲಿ ಮಗಳು ನಸೀಮಾಳ ಮನೆಯಲ್ಲಿದ್ದು ಬೆಳಿಗ್ಗೆಯಷ್ಟೇ ಬಂದೆ ಎಂದ ಅವನ ಬಳಿ, ಮಗಳ ಮಾತು ಬಿಟ್ಟರೆ ಬೇರೆ ಪುರಾವೆಯಿರಲಿಲ್ಲ. ಅವನನ್ನು ಠಾಣೆಯಲ್ಲೇ ಕೂರಿಸಿ ಉಪೇಂದ್ರ ಪಂಚನಾಮೆಗೆ ಹೊರಟರು.

ಶೈತ್ಯಾಗಾರದಲ್ಲಿ ಅವರಿಗೆ ತಲೆಬುಡ ತಿಳಿಯದಾಯಿತು. ಬೋರ್ಡಿನ ವಿನ್ಯಾಸ ಮಾಡಿದ ಎಂಜಿನಿಯರ್ ವೇಣುಗೋಪಾಲ ಒಂದೊಂದೇ ಸ್ವಿಚ್ ಒತ್ತಿ ತೋರಿಸಿದ. ತಂತಿ ಕಡಿದಿರಲಿಲ್ಲ, ಬೀಗ ಮುರಿದಿರಲಿಲ್ಲ. ಎಲ್ಲವೂ ಸರಿಯಿದ್ದ ಯಂತ್ರ ಇಂಥ ತಪ್ಪು ಮಾಡುವುದಾದರೂ ಹೇಗೆ? ವೇಣುಗೋಪಾಲ ಕೈಯಲ್ಲಿ ಬರೆದಿದ್ದ ನಕ್ಷೆ ಅರ್ಥವಾಗದಿದ್ದರೂ ಉಪೇಂದ್ರ ಅದನ್ನು ಕೈಯಲ್ಲಿ ಹಿಡಿದು, ಅದರಲ್ಲಿದ್ದ ಒಂದೊಂದನ್ನೂ ಕೋಣೆಯಲ್ಲಿ ಹುಡುಕತೊಡಗಿದರು.

ಮಧ್ಯಾಹ್ನ ಮೂರು ಗಂಟೆಯಾದರೂ ಒಂದು ವಸ್ತು ಸಿಗಲಿಲ್ಲ. ಚಳಿ ಅಳೆದು ಬೋರ್ಡಿಗೆ ತಿಳಿಸುವ ತಾಮ್ರದ ಬುರುಡೆ ನಕ್ಷೆಯ ಪ್ರಕಾರ ನಡುಗಂಬದ ಮೇಲಿರಬೇಕಿತ್ತು. ಕೊನೆಗೆ ಆಂಜಿನಪ್ಪ ಅದನ್ನು ಬಾಗಿಲ ಸಂದಿಯ ಪಕ್ಕದ ಗೋಡೆಯಲ್ಲಿ ಕಂಡ. ಹೊರಗಿನ ಬಿಸಿಗಾಳಿ ನೇರ ಅದಕ್ಕೇ ಬಡಿಯುತ್ತಿತ್ತು. ಕೋಣೆಯಿನ್ನೂ ತಣಿದಿಲ್ಲವೆಂದೇ ಯಂತ್ರ ಗುರುವಾರದಿಂದ ನಾಲ್ಕು ದಿನ ನಿಲ್ಲದೆ ಓಡಿತ್ತು. ಮೊಳೆಯ ಪಕ್ಕದಲ್ಲಿ ಪೆನ್ಸಿಲಿನ ನೆಟ್ಟನೆ ಗೆರೆ, ಎತ್ತರದ ಅಳತೆಯ ಅಂಕಿ. ನಕ್ಷೆಯಲ್ಲಿದ್ದದ್ದೂ ಅದೇ ಕೈಬರಹ.

"ಗುರುವಾರ ಬಂದಿದ್ರಾ?" ಉಪೇಂದ್ರ ವೇಣುಗೋಪಾಲನನ್ನು ಕೇಳಿದರು.

"ಬಂದಿದ್ದೆ ಸಾರ್, ತಪಾಸಣೆಗೆ."

"ಈ ಅಂಕಿ ಯಾರದು? ವಹಾಬ್ ಬೆಳಿಗ್ಗೆಯಿಂದ ಠಾಣೇಲಿ ಕೂತಿದಾನೆ."

ವಹಾಬನನ್ನು ಹಿಡಿದು ತಂದದ್ದು ವೇಣುಗೋಪಾಲನಿಗೆ ಗೊತ್ತಿರಲಿಲ್ಲ. "ನಂದೇ," ಎಂದ.

ವೇಣುಗೋಪಾಲ ನಾಲ್ಕು ತಿಂಗಳು ವಹಾಬನ ಪಕ್ಕದಲ್ಲಿ ಕೂತು, ಅವನು ಯಾವಾಗ ಯಾವ ಕವಾಟ ತಿರುಗಿಸುತ್ತಾನೆಂದು ಬರೆದುಕೊಂಡೇ ಆ ಬೋರ್ಡ್ ಮಾಡಿದ್ದ. ಅದರಿಂದ ವಹಾಬನ ಕೆಲಸವೇ ಹೋಗುತ್ತದೆಂದು ತನಗೆ ಯಾರೂ ಹೇಳಿರಲಿಲ್ಲ.

"ಬುರುಡೆ ಸರಿಸಿ ಎರಡು ಡಿಗ್ರಿ ಇಳಿಸಿದ್ರೆ ಮಾಲೀಕರು ಹೆದರಿ ವಹಾಬ್ ಅವರನ್ನ ವಾಪಸ್ ಕರೀತಾರೆ ಅನ್ಕೊಂಡೆ ಸಾರ್. ನಾಲ್ಕು ದಿನ ಯಾರೂ ಥರ್ಮಾಮೀಟರ್ ನೋಡ್ಲೇ ಇಲ್ಲ. ಬೋರ್ಡ್ ನೋಡ್ಕೊಳುತ್ತೆ ಅಂತ ಬಿಟ್ಬಿಟ್ರು."

ಸಂಜೆ ಆರು ಹತ್ತಕ್ಕೆ ವೇಣುಗೋಪಾಲನ ದಸ್ತಗಿರಿಯಾಯಿತು. ವಹಾಬನನ್ನು ಬಿಡುತ್ತಾ ಉಪೇಂದ್ರ ನಡೆದದ್ದನ್ನು ಹೇಳಿದರು. ಅವನಿಗೆ ಸಮಾಧಾನವಾಗುತ್ತದೆಂದುಕೊಂಡಿದ್ದರು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ನನಗೋಸ್ಕರ ಅಂತ ಬರೀಬೇಡಿ ಸಾಹೇಬ್ರೆ. ಬಿತ್ತನೆ ಕಳ್ಕೊಂಡ ಕೋಗಿಲಿನೋರ ಮುಖ ಹೆಂಗ್ ನೋಡ್ಲಿ?"

ವರದಿಯಲ್ಲಿ ಕೃತ್ಯದ ಉದ್ದೇಶವೇನೆಂದು ಬರೆಯಬೇಕಾದ ಸಾಲಿನ ಮುಂದೆ ಉಪೇಂದ್ರ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು.